ಸೈನ್ಯದ ಹಳೇ ಕಿಲ್ಟ್ ಅನ್ನು ನನ್ನ ಅಳತೆಗೆ ತಂದಿದ್ದು

ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಬಂದ ಎರಡನೇ ವರ್ಷ ಒಂದು ಪೈಪ್ ಬ್ಯಾಂಡಿಗೆ (ಬ್ಯಾಗ್‌ಪೈಪ್ ಮತ್ತು ಡ್ರಮ್ ನುಡಿಸುವ ತಂಡ) ಡ್ರಮ್ ಬಾರಿಸಲು ಸೇರಿದೆ. ಅಲ್ಲಿ ಎಲ್ಲರೂ ಉಡುವುದು ಕಿಲ್ಟ್, ಅಂದ್ರೆ ಹಿಂದೆ ನೆರಿಗೆ ಇರುವ, ಮಂಡಿವರೆಗಿನ ಸ್ಕಾಟಿಷ್ ಉಣ್ಣೆ ಲಂಗ. ಹೊಸದು ಹೊಲಿಸುವುದು ದುಬಾರಿ. ಬ್ಯಾಂಡಿನದು ಗೋರ್ಡನ್ ಟಾರ್ಟನ್ (ಟಾರ್ಟನ್ ಅಂದ್ರೆ ಬಣ್ಣದ ಚೌಕುಳಿ ವಿನ್ಯಾಸ) ಆದ್ದರಿಂದ ಹಳೇ ಮಿಲಿಟರಿ ಬಟ್ಟೆ ಮಾರುವ ಅಂಗಡಿಯಲ್ಲಿ ಗೋರ್ಡನ್ ಹೈಲ್ಯಾಂಡರ್ಸ್ ರೆಜಿಮೆಂಟಿನ ಕಿಲ್ಟ್ ಒಂದನ್ನು ಕೊಂಡೆ. ಆ ರೆಜಿಮೆಂಟ್ 1994ರಲ್ಲೇ ಇನ್ನೊಂದರ ಜೊತೆ ಸೇರಿಹೋಯಿತು, ಅಂದ್ರೆ ಕಿಲ್ಟಿಗೆ ಕಡಿಮೆ ಅಂದರೂ ಮೂವತ್ತು ವರ್ಷ. ಉಣ್ಣೆ ಮಾತ್ರ ಕಂಬಳಿ ಹಾಗೆ ಗಟ್ಟಿಯಾಗಿತ್ತು.

ಉದ್ದ ಜಾಸ್ತಿ, ಸೊಂಟ ಎರಡು ಇಂಚು ಸಡಿಲ. ನಾನು ಮಾಡಿದ ದಡ್ಡತನ ಏನಂದ್ರೆ, ಪ್ಯಾಂಟಿನ ತರ ಕೆಳಗೆ ಒಂದಿಂಚು ಮಡಚಿ ಹೊಲಿದುಬಿಟ್ಟೆ. ಕಿಲ್ಟಿನ ಕೆಳಗೆ ಮಡಿಕೆ ಇರುವುದೇ ಇಲ್ಲ, ಸೀರೆ ತರ ಬಟ್ಟೆಯ ಅಂಚೇ ಕೊನೆ. ಮಡಚಿದ ಕೂಡಲೇ ನೆರಿಗೆಗಳೆಲ್ಲ ಬೀಸಣಿಗೆ ಹಾಗೆ ಬಿಚ್ಚಿಕೊಂಡವು. ಈ ರೆಜಿಮೆಂಟಿನ ಕಿಲ್ಟಿನಲ್ಲಿ ಹಿಂದಿನ ಪ್ರತಿ ನೆರಿಗೆಯ ಮೇಲೂ ಒಂದು ಹಳದಿ ಗೆರೆ ಬರುವ ಹಾಗೆ ಹೊಲಿದಿರುತ್ತಾರೆ, ಒಂದು ನೆರಿಗೆ ಓರೆಯಾದರೂ ದೂರದಿಂದಲೇ ಕಾಣುತ್ತದೆ. ಎಲ್ಲ ಬಿಚ್ಚಿ, ನೆರಿಗೆಗಳಿಗೆ ಕಚ್ಚಾ ಹೊಲಿಗೆ ಹಾಕಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡುವಷ್ಟರಲ್ಲಿ ಒಂದು ಭಾನುವಾರ ಮುಗಿದಿತ್ತು.

ಆಮೇಲೆ ಗೊತ್ತಾಯಿತು, ಉದ್ದ ಜಾಸ್ತಿ ಇರಲೇ ಇಲ್ಲ. ನಾನು ಜೀನ್ಸ್ ಕಟ್ಟುವ ಜಾಗದಲ್ಲಿ ಕಟ್ಟಿದ್ದೆ. ಇದನ್ನು ಹೊಕ್ಕುಳಿಗಿಂತ ಎರಡು ಇಂಚು ಮೇಲೆ ಕಟ್ಟಬೇಕು. ಮಂಡಿಯೂರಿದಾಗ ಅಂಚು ನೆಲಕ್ಕೆ ತಾಗಬಾರದು, ಅಷ್ಟೇ ಲೆಕ್ಕ.

ಸೊಂಟಕ್ಕೆ ಬಟ್ಟೆ ಕತ್ತರಿಸಲಿಲ್ಲ, ಬಕಲ್‌ಗಳನ್ನು ಹಿಂದಕ್ಕೆ ಸರಿಸಿದೆ. ಎರಡು ಇಂಚನ್ನೂ ಒಂದೇ ಕಡೆ ತೆಗೆದರೆ ಮುಂದಿನ ಭಾಗ ಪಕ್ಕಕ್ಕೆ ವಾಲುತ್ತದೆ. ಅದಕ್ಕೆ ಎಡಗಡೆ ಒಂದಿಂಚು, ಬಲಗಡೆ ಒಂದಿಂಚು. ದಾರಕ್ಕೆ ಮೇಣ ಸವರಿ ಕೈಯಲ್ಲೇ ಹೊಲಿದೆ, ಅಷ್ಟು ದಪ್ಪ ಉಣ್ಣೆಯಲ್ಲಿ ಎರಡು ಸೂಜಿ ಮುರಿದವು.

ಷರ್ಟಿನದು ಬೇರೆ ಕಥೆ. ಅದೇ ಅಂಗಡಿಯಲ್ಲಿ ಸಿಕ್ಕ ಖಾಕಿ ಷರ್ಟಿನ ತೋಳಿಗೆ ಸಾರ್ಜೆಂಟಿನ ಮೂರು ಪಟ್ಟಿ ಹಾಗೇ ಇತ್ತು. ಕಿಲ್ಟ್ ಯಾರು ಬೇಕಾದರೂ ಉಡಬಹುದು. ಆದರೆ ಸೈನ್ಯದಲ್ಲಿ ಇಲ್ಲದವರು ಅನುಮತಿ ಇಲ್ಲದೆ ಅದರ ಸಮವಸ್ತ್ರ ತೊಡುವುದನ್ನು ಇಲ್ಲಿನ 1894ರ ಕಾಯ್ದೆಯೇ ತಡೆಯುತ್ತದೆ, ನಾಟಕ, ಸರ್ಕಸ್‌ನಂಥ ಪ್ರದರ್ಶನಗಳಿಗೆ ವಿನಾಯಿತಿ ಇದೆ. ಕಾನೂನು ಬಿಡಿ, ನಮ್ಮ ಬ್ಯಾಂಡಿನಲ್ಲೇ ಇಬ್ಬರು ಮಾಜಿ ಸೈನಿಕರಿದ್ದಾರೆ, ಅವರ ಮುಂದೆ ಯಾರದ್ದೋ ಪಟ್ಟಿ ಹಾಕಿಕೊಂಡು ನಿಲ್ಲೋದು ಹೇಗೆ? ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಡಿಸಿದೆ. ಪಟ್ಟಿ ಹೋಯಿತು, ಗುರುತು ಹೋಗಲಿಲ್ಲ. ಸುತ್ತಲಿನ ಬಟ್ಟೆ ಮಾಸಿತ್ತು, ಪಟ್ಟಿಯ ಕೆಳಗಿನದು ಹೊಸದರಂತೆ ಗಾಢವಾಗಿತ್ತು! ಕೊನೆಗೆ ಸಾದಾ ಷರ್ಟ್ ತಗೊಂಡೆ, ಟೋಪಿಗೆ ಬ್ಯಾಂಡಿನದೇ ಬ್ಯಾಡ್ಜ್. ಷರ್ಟ್ ಕೊಳ್ಳುವಾಗ ಜೇಬು ನೋಡಿಕೊಳ್ಳಿ, ಕಿಲ್ಟ್ ಅಷ್ಟು ಮೇಲೆ ಬರುವುದರಿಂದ ಉದ್ದನೆಯ ಜೇಬು ಬೆಲ್ಟಿನೊಳಗೆ ಸಿಕ್ಕಿಕೊಂಡು ಉಬ್ಬುತ್ತದೆ.

ಇನ್ನು ಕಿಲ್ಟ್ ಪಿನ್, ಅಂದ್ರೆ ಕಿಲ್ಟಿನ ಮುಂಭಾಗಕ್ಕೆ ಚುಚ್ಚುವ ದೊಡ್ಡ ಪಿನ್. ಇಲ್ಲಿನ ಗಾಳಿಗೆ ಹೆದರಿ ಮೊದಲ ದಿನ ಮುಂದೆ ಒಂದರ ಮೇಲೊಂದು ಬರುವ ಎರಡೂ ಪದರ ಸೇರಿಸಿ ಚುಚ್ಚಿದ್ದೆ. ಬಸ್ಸಿನಲ್ಲಿ ಕೂತ ತಕ್ಷಣ ಚರ್ರ್ ಅಂತು. ಮೇಲಿನ ಪದರಕ್ಕೆ ಮಾತ್ರ ಚುಚ್ಚಿ.