ಗೇರುಬೀಜ ಪ್ಯಾಕಿಂಗ್‌ಗೆ ಸ್ಟೆಪ್ಪರ್ ಮೋಟಾರ್: ನನ್ನ ಅನುಭವ

ಮಂಗಳೂರಿನ ಬೈಕಂಪಾಡಿ ಕಡೆಯ ಗೇರುಬೀಜ ಪ್ಯಾಕಿಂಗ್ ಮೆಷಿನ್ ಒಂದರಲ್ಲಿ ಫಿಲ್ಮ್ ಎಳೆಯುವ ರೋಲರ್‌ಗೆ ಸ್ಟೆಪ್ಪರ್ (ಪಲ್ಸ್ ಎಂಬ ಒಂದೊಂದು ವಿದ್ಯುತ್ ಮಿಡಿತಕ್ಕೆ ಒಂದಿಷ್ಟೇ ತಿರುಗುವ ಮೋಟಾರ್) ಕೂರಿಸುತ್ತೇನೆ ಎಂದಾಗ ಎಲ್ಲರದೂ ಒಂದೇ ಮಾತು: "ಸ್ಟೆಪ್ ಮಿಸ್ ಆಗ್ತದೆ ಮಾರಾಯ್ರೆ, ಸರ್ವೋ ಹಾಕಿ." ಸರ್ವೋ ಎಂದರೆ ಎಷ್ಟು ತಿರುಗಿದೆ ಎಂದು ತಾನೇ ನೋಡಿಕೊಂಡು ಸರಿಪಡಿಸಿಕೊಳ್ಳುವ ಮೋಟಾರ್. ಮೆಷಿನ್ ಈಗ ಒಂದು ಮಳೆಗಾಲ ದಾಟಿದೆ. ನಿಮಿಷಕ್ಕೆ ಸುಮಾರು 40 ಪ್ಯಾಕೆಟ್, ಉದ್ದದ ವ್ಯತ್ಯಾಸ ಒಂದು ಮಿಲಿಮೀಟರ್ ಒಳಗೆ. ಸರ್ವೋಗೆ ಡ್ರೈವ್, ಕೇಬಲ್ ಸೇರಿ 18 ಸಾವಿರದ ಆಸುಪಾಸಿನ ಕೊಟೇಶನ್ ಬಂದಿತ್ತು. ನೆಮಾ 23 ಅಳತೆಯ ಸ್ಟೆಪ್ಪರ್ ಮೋಟಾರ್ (ಟಾರ್ಕ್, ಅಂದರೆ ತಿರುಗಿಸುವ ಬಲ, 18.9 ಕೆಜಿ-ಸೆಂಮೀ), ಪಲ್ಸ್ ಪ್ರಕಾರ ಅದಕ್ಕೆ ಕರೆಂಟ್ ಕೊಡುವ ಡಿಎಂ542 ಮಾದರಿಯ ಡ್ರೈವರ್, ಪವರ್ ಸಪ್ಲೈ ಆದ ಎಸ್‌ಎಂಪಿಎಸ್ ಎಲ್ಲ ಸೇರಿ ಆರೂವರೆ ಸಾವಿರದೊಳಗೆ ಮುಗಿಯಿತು.

ರೋಲರ್ ವ್ಯಾಸ 50 ಮಿಮೀ, ಸುತ್ತಳತೆ 157. ಡ್ರೈವರ್ ಸುತ್ತಿಗೆ 1600 ಪಲ್ಸ್‌ನಲ್ಲಿ, ಅಂದರೆ ಮಿಲಿಮೀಟರಿಗೆ ಹತ್ತು ಚಿಲ್ಲರೆ ಪಲ್ಸ್. 180 ಮಿಮೀ ಪ್ಯಾಕೆಟ್‌ಗೆ 1830ರಷ್ಟು. ಇದನ್ನು 0.4 ಸೆಕೆಂಡಿನಲ್ಲಿ ಎಳೆಯಬೇಕು, ಏರಲು 0.1, ಇಳಿಯಲು 0.1 ಕೊಟ್ಟರೆ ನಡುವಿನ ವೇಗ ಸೆಕೆಂಡಿಗೆ 6000 ಪಲ್ಸ್ ದಾಟುತ್ತದೆ, ನಿಮಿಷಕ್ಕೆ 230 ಸುತ್ತಿನ ಹತ್ತಿರ.

ಮೆಷಿನ್‌ನಲ್ಲಿ ಮೊದಲೇ ಇದ್ದ 24 ವೋಲ್ಟ್ ಸಪ್ಲೈಯಲ್ಲಿ ಇದು ಏಳಲೇ ಇಲ್ಲ. ಕೀಂ ಎಂದು ಕೂಗಿ ನಿಲ್ಲುತ್ತಿತ್ತು. ಕರೆಂಟ್ ಹೆಚ್ಚಿಸಿದರೂ ಅಷ್ಟೇ, ಮೋಟಾರ್ ಬಿಸಿಯಾದದ್ದು ಮಾತ್ರ ಲಾಭ. ಕಾರಣ ಕಾಯಿಲ್‌ನ ಇಂಡಕ್ಟನ್ಸ್, ಅಂದರೆ ಕರೆಂಟ್ ಬದಲಾಗುವುದನ್ನು ತಡೆಯುವ ಗುಣ. 4 ಮಿಲಿಹೆನ್ರಿ ಕಾಯಿಲ್‌ನಲ್ಲಿ 4 ಆಂಪ್ ಪೀಕ್ ಕರೆಂಟನ್ನು ಆ ವೇಗದಲ್ಲಿ ಅತ್ತಿತ್ತ ತಿರುಗಿಸಲು 19-20 ವೋಲ್ಟ್ ಅದಕ್ಕೇ ಬೇಕು. ಮೋಟಾರ್ ತಾನೇ ಹುಟ್ಟಿಸುವ ಎದುರು ವೋಲ್ಟೇಜ್ ಬೇರೆ. 24ರಲ್ಲಿ ಉಳಿಯುವುದೇನು? ಸ್ಟೆಪ್ಪರ್ ಮಿಸ್ ಹೊಡೆಯುತ್ತದೆ ಎಂದು ದೂರುವವರಲ್ಲಿ ಹೆಚ್ಚಿನವರು ಮೋಟಾರ್‌ಗೆ ಊಟವನ್ನೇ ಕೊಟ್ಟಿರುವುದಿಲ್ಲ. 48 ವೋಲ್ಟ್ ಎಸ್‌ಎಂಪಿಎಸ್ ತಂದು ಅದರ ವೋಲ್ಟೇಜ್ ಹೊಂದಿಸುವ ಟ್ರಿಮ್ ತಿರುಗಿಸಿ 44ಕ್ಕೆ ಇಳಿಸಿದೆ. ಡ್ರೈವರ್‌ನ ಮಿತಿ 50. ವೇಗ ಇಳಿಸುವಾಗ ಮೋಟಾರ್ ಜನರೇಟರ್ ಆಗಿ ಸಪ್ಲೈ ಕಡೆಗೆ ವೋಲ್ಟೇಜ್ ತಳ್ಳುತ್ತದೆ, ಅದಕ್ಕೆ ಜಾಗ ಬಿಡಲೇಬೇಕು.

ಆಮೇಲೂ ಗಂಟೆಗೆ ಒಂದೆರಡು ಪ್ಯಾಕೆಟ್ ಗಿಡ್ಡವಾಗುತ್ತಿದ್ದವು. ಅಲ್ಲಿ ತಪ್ಪಿತಸ್ಥ ಮೋಟಾರ್ ಅಲ್ಲ, ಫಿಲ್ಮ್ ರೀಲ್. ಹತ್ತು ಕಿಲೋದ ಹೊಸ ರೀಲನ್ನು ನೇರವಾಗಿ ಜಗ್ಗಿಸಿದರೆ ರಬ್ಬರ್ ರೋಲರ್ ಮೇಲೆ ಫಿಲ್ಮ್ ಜಾರುತ್ತದೆ. ನಡುವೆ ಡ್ಯಾನ್ಸರ್ ಆರ್ಮ್ (ಮೇಲೆ ಕೆಳಗೆ ಆಡುವ ರೋಲರ್ ತೋಳು) ಹಾಕಿ ಫಿಲ್ಮ್‌ಗೆ ಸಡಿಲ ಕೊಟ್ಟ ಮೇಲೆ ಸರಿಹೋಯಿತು. ಒಳ್ಳೆಯ ಹೈಬ್ರಿಡ್ ಮೋಟಾರ್‌ನ ತಪ್ಪು ಒಂದು ಸ್ಟೆಪ್‌ನ ಶೇ. 5ರಷ್ಟು, ಅದು ಸುತ್ತಿನಿಂದ ಸುತ್ತಿಗೆ ಕೂಡುತ್ತಾ ಹೋಗುವುದಿಲ್ಲ. ಕೂಡುತ್ತಾ ಹೋಗುವುದು ಫಿಲ್ಮ್‌ನ ಜಾರುವಿಕೆ, ಅದಕ್ಕೆ ಸರ್ವೋ ಹಾಕಿದರೂ ಅದೇ ಗತಿ. ಪ್ರಿಂಟ್ ಇರುವ ಫಿಲ್ಮ್‌ನಲ್ಲಿ 174 ಮಿಮೀ ವೇಗವಾಗಿ ಎಳೆದು, ಉಳಿದದ್ದನ್ನು ಸೆಕೆಂಡಿಗೆ 600 ಪಲ್ಸ್ ವೇಗದಲ್ಲಿ ತಂದು, ಐಮಾರ್ಕ್ (ಫಿಲ್ಮ್ ಮೇಲೆ ಅಚ್ಚಾದ ಗುರುತು) ಕಂಡಲ್ಲೇ ನಿಲ್ಲಿಸುತ್ತೇನೆ. ಅಷ್ಟು ನಿಧಾನದಲ್ಲಿ, ವೇಗ ಮೆಲ್ಲನೆ ಇಳಿಸುವ ರ‍್ಯಾಂಪ್ ಇಲ್ಲದೆಯೂ ಗಪ್ಪೆಂದು ನಿಲ್ಲುತ್ತದೆ. ಪ್ರತಿ ಪ್ಯಾಕೆಟ್‌ಗೂ ಲೆಕ್ಕ ಹೊಸದು.

ಏರುವಾಗ ಒಂದು ವೇಗದಲ್ಲಿ ಗಡಗಡ ನಡುಕ ಬರುತ್ತದೆ, ಅದು ರೆಸೊನೆನ್ಸ್ (ಸ್ಟೆಪ್ಪಿನ ವೇಗ ಮೋಟಾರಿನ ಸಹಜ ಕಂಪನಕ್ಕೆ ಹೊಂದಿದಾಗ ಬರುವ ನಡುಕ). ಒಂದೊಂದು ಸ್ಟೆಪ್ಪನ್ನು ಸಣ್ಣದಾಗಿ ಒಡೆಯುವ ಮೈಕ್ರೋಸ್ಟೆಪ್‌ನಿಂದ ಅರ್ಧ ಹೋಯಿತು. ಉಳಿದರ್ಧಕ್ಕೆ ಹಿಂದಿನ ಶಾಫ್ಟ್‌ಗೆ ಒಂದು ಡ್ಯಾಂಪರ್ ಮಾಡಿಸಿದ್ದೇನೆ. ಅದರ ಅಳತೆ, ಒಳಗೆ ಏನಿದೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ದುಡ್ಡು ಸೋರುವ ಜಾಗಗಳು ಬೇರೆ ಇವೆ. ಪವರ್ ಇರುವಾಗ ಮೋಟಾರ್ ವೈರ್ ಬಿಚ್ಚಿದರೆ ಡ್ರೈವರ್ ಸತ್ತಂತೆಯೇ, ಎರಡು ಸಾವಿರ ಹೋಯಿತು. ಸಡಿಲ ಟರ್ಮಿನಲ್ ಕೂಡ ಇದೇ ಕೆಲಸ ಮಾಡುತ್ತದೆ. ಪಿಎಲ್‌ಸಿಯ (ಮೆಷಿನ್ ನಡೆಸುವ ಕಂಟ್ರೋಲರ್) 24 ವೋಲ್ಟ್ ಪಲ್ಸನ್ನು ಡ್ರೈವರಿನ 5 ವೋಲ್ಟ್ ಇನ್‌ಪುಟ್‌ಗೆ ನೇರ ಕೊಟ್ಟರೆ ಅದರೊಳಗಿನ ಆಪ್ಟೋ (ಬೆಳಕಿನಿಂದ ಸಿಗ್ನಲ್ ದಾಟಿಸುವ ಚಿಪ್) ಹೋಗುತ್ತದೆ. ಸರಣಿಯಲ್ಲಿ 2 ಕೆ ರೆಸಿಸ್ಟರ್ ಬೇಕು. ಬೇರಿಂಗ್ ಸದ್ದು ಬಂತೆಂದು ರೋಟರ್ ಹೊರಗೆಳೆದರೆ ಅದರ ಕಾಂತಶಕ್ತಿ ಕುಗ್ಗುತ್ತದೆ, ಮತ್ತೆ ಜೋಡಿಸಿದರೂ ಹಳೆಯ ಟಾರ್ಕ್ ಬರುವುದಿಲ್ಲ. ಹೊಸದೇ ತನ್ನಿ. ಬಿಡಿಭಾಗ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬರಬೇಕು, ಶಿರಾಡಿ ಘಾಟಿ ಮಳೆಗೆ ಮುಚ್ಚಿದರೆ ಕಾಯುವುದೇ ಗತಿ. ಹಾಗಾಗಿ ಜೂನ್‌ಗೆ ಮೊದಲೇ ಒಂದು ಡ್ರೈವರ್ ಹೆಚ್ಚಿಗೆ ಇಡುವುದು ಕಡ್ಡಾಯ.

ಇದರ ನಡುವೆ ಹಳೆಯ ಪ್ರಿಂಟರ್‌ನ ಮೋಟಾರ್ ಒಂದನ್ನು ಕೈಚಕ್ರ ಮಾಡಿ ನೋಡಿದೆ. ಕೈಯಲ್ಲಿ ತಿರುಗಿಸಿದಾಗ ಎರಡು ಕಾಯಿಲ್‌ಗಳಲ್ಲಿ ಹುಟ್ಟುವ ವೋಲ್ಟೇಜನ್ನು, ವೋಲ್ಟೇಜ್ ಹೋಲಿಸುವ ಚಿಪ್ ಆದ ಕಂಪ್ಯಾರೇಟರ್‌ಗೆ ಕೊಟ್ಟರೆ ದಿಕ್ಕು ಸಮೇತ ಪಲ್ಸ್ ಸಿಗುತ್ತದೆ. ಬಹಳ ನಿಧಾನ ತಿರುಗಿಸಿದರೆ ಮಾತ್ರ ಕೈಕೊಡುತ್ತದೆ, ಫಿಲ್ಮ್ ಹೊಂದಿಸಲು ಅಷ್ಟು ಸಾಕು. ಒಳಗೆ ಗಿಯರ್ ಇರುವ ಪುಟ್ಟ ಸ್ಟೆಪ್ಪರ್ 28ಬಿವೈಜೆ-48ನ್ನು ಅಡಿಕೆ ಬೇರ್ಪಡಿಸುವ ಬಾಗಿಲಿಗೂ ಹಾಕಿ ನೋಡಿದೆ. ಅದರ ಪ್ಲಾಸ್ಟಿಕ್ ಹಲ್ಲು ಅಡಿಕೆಯ ಪೆಟ್ಟು ತಡೆಯಲಿಲ್ಲ. ಅಲ್ಲಿಗೆ ನೆಮಾ 17 ಬೇಕು.

ಮೋಟಾರ್ ಮೈ 70 ಡಿಗ್ರಿ ಮುಟ್ಟಿದರೆ ಗಾಬರಿ ಬೇಡ, ನಿಂತಾಗ ಅರ್ಧ ಕರೆಂಟಿನ ಸ್ವಿಚ್ ಹಾಕಿಡಿ. ನಮ್ಮ ಉಪ್ಪು ಗಾಳಿಗೆ ಬರಿಯ ತಾಮ್ರದ ಎಳೆ ಹಸಿರಾಗುತ್ತದೆ. ಎಲ್ಲ ತುದಿಗೂ ಲಗ್ (ವೈರ್ ತುದಿಯ ಲೋಹದ ಟೊಪ್ಪಿ) ಒತ್ತಿ, ತಿಂಗಳಿಗೊಮ್ಮೆ ಸ್ಕ್ರೂ ಬಿಗಿಯಿರಿ, ಪವರ್ ತೆಗೆದ ಮೇಲೆ.