ಬಚ್ಚಲೊಲೆ, ಅಡಿಕೆ ಹಂಡೆ ಮತ್ತು ನನ್ನ ಕೆಂಪು ಮುಖ

ಈ ಸಲದ ಕೊನೆಕೊಯ್ಲು ಮುಗಿದು, ಕಡೆಯ ಒಬ್ಬೆ (ಒಂದು ಸಲಕ್ಕೆ ಬೇಯಿಸುವಷ್ಟು) ಅಡಿಕೆ ಬೆಂದು ಚಪ್ಪರಕ್ಕೆ ಏರಿದ ದಿನ ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಮೂಗಿನ ಎರಡೂ ಪಕ್ಕದಲ್ಲಿ ಒಂದೇ ಒಂದು ಕೀವುಗುಳ್ಳೆ ಇರಲಿಲ್ಲ. ಮುಖ ಪದೇ ಪದೇ ಕಾವೇರಿ, ಕೆಂಪಾಗಿ, ಉರಿದು, ಗುಳ್ಳೆ ಏಳುವ ರೊಸೇಶಿಯಾ ಎಂಬ ಚರ್ಮರೋಗ ಇರುವವರಿಗೆ ಮಾತ್ರ ಇದರ ಬೆಲೆ ಗೊತ್ತು. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಕೊಯ್ಲು ಶುರುವಾದ ಮೇಲೆ ಮೂರು ತಿಂಗಳು ಒಲೆ ಆರುವುದಿಲ್ಲ. ಅಂಥ ಮನೆಯಲ್ಲಿದ್ದುಕೊಂಡು ಈ ಮುಖವನ್ನು ಹದಕ್ಕೆ ತರುವುದು ಆಗದ ಮಾತು ಎಂದು ಅತ್ತೆಯಿಂದ ಹಿಡಿದು ಪಾರ್ಲರಿನವರವರೆಗೆ ಎಲ್ಲರೂ ಹೇಳಿದ್ದರು. ಆಯಿತು ಎನ್ನುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ರೋಗದ ಬಗ್ಗೆ ಇದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ; ಓದುವವರಲ್ಲಿ ಹೆಚ್ಚಿನವರು ಅದನ್ನು ಮುಖದ ಮೇಲೆಯೇ ಹೊತ್ತುಕೊಂಡಿರುತ್ತೀರಿ.

ನನಗೆ ಇದು ಆರಂಭವಾದದ್ದು 2016ರ ಸುಮಾರಿಗೆ, ಮೂವತ್ತಾರರ ವಯಸ್ಸಿನಲ್ಲಿ. ನನ್ನದು ಗೋಧಿ ಬಣ್ಣಕ್ಕಿಂತ ಒಂದು ಪಾಲು ಕಪ್ಪಾದ ಚರ್ಮ. ನಮ್ಮಂಥವರ ಮುಖದಲ್ಲಿ ಕೆಂಪು ಕೆಂಪಾಗಿ ಕಾಣುವುದಿಲ್ಲ, ಕಂದು ಛಾಯೆಯಾಗಿ ಕಾಣುತ್ತದೆ. ಆದ್ದರಿಂದ ಮೊದಲು ತಿಳಿಯುವುದು ಕಣ್ಣಿಗಲ್ಲ, ಉರಿಗೆ. ಎರಡು ವರ್ಷ ಅದನ್ನು ಮೊಡವೆ ಎಂದುಕೊಂಡೆ. ಅತ್ತೆಯವರು ಪಿತ್ತ ಎಂದರು, ನಾದಿನಿ ರಕ್ತ ಕೆಟ್ಟಿದೆ ಎಂದಳು. ಪಿತ್ತಕ್ಕೆ ಕಷಾಯ ಕುಡಿದೆ. ಅದನ್ನೂ ಸುಡುಸುಡುವಾಗಿಯೇ ಕುಡಿದೆ, ಮುಖ ಇನ್ನಷ್ಟು ಕೆಂಡವಾಯಿತು. ಶಿವಮೊಗ್ಗದ ಒಂದು ಪಾರ್ಲರಿನಲ್ಲಿ ಸಲಕ್ಕೆ ಸಾವಿರದ ಇನ್ನೂರು ರೂಪಾಯಿಯಂತೆ ಏಳೋ ಎಂಟೋ ಫೇಶಿಯಲ್ ಮಾಡಿಸಿದೆ. ಮೊದಲು ಹಬೆ, ಆಮೇಲೆ ಉಜ್ಜುವಿಕೆ, ಕೊನೆಗೆ ಮುಲ್ತಾನಿ ಮಿಟ್ಟಿ: ಈ ಚರ್ಮಕ್ಕೆ ಆಗದ ಮೂರನ್ನೂ ಒಂದೇ ಕುರ್ಚಿಯಲ್ಲಿ ಕೂರಿಸಿ, ದುಡ್ಡು ತೆಗೆದುಕೊಂಡು ಮಾಡಿ ಕಳಿಸಿದರು. ಆನ್‌ಲೈನಿನಲ್ಲಿ ತರಿಸಿದ ಗಿಡಮೂಲಿಕೆ ಕಿಟ್ ಒಂದಕ್ಕೆ ನಾಲ್ಕು ಸಾವಿರದ ಹತ್ತಿರ ಹೋಯಿತು. ಅದರ ಟೋನರಿನಲ್ಲಿ ಕರ್ಪೂರವಿತ್ತು. ಹಚ್ಚಿಕೊಂಡ ರಾತ್ರಿ ನಿದ್ದೆ ಬರಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ನೂರು ಚಿಲ್ಲರೆ ರೂಪಾಯಿಯದು. ಪೇಟೆಯ ಒಂದು ಔಷಧಿ ಅಂಗಡಿಯಲ್ಲಿ ಕೇಳಿದ್ದಕ್ಕೆ ಒಂದು ಮುಲಾಮು ಕೊಟ್ಟರು. ಹದಿನೈದು ದಿನಗಳಲ್ಲಿ ಮುಖ ಹಾಲಿನಂತಾಯಿತು, ಮದುವೆ ಮನೆಗಳಲ್ಲಿ ಏನು ಹಚ್ಚುತ್ತೀಯ ಎಂದು ಜನ ಕೇಳಿದರು, ನಾನು ಬೀಗಿದೆ. ಆರೇಳು ಟ್ಯೂಬ್ ಮುಗಿದ ಮೇಲೆ ಒಂದು ವಾರ ಬಿಟ್ಟು ನೋಡಿದರೆ ಗಲ್ಲದ ತುಂಬ ಗುಳ್ಳೆ, ಉರಿ, ಚರ್ಮ ಕಾಗದದಷ್ಟು ತೆಳು. ಅದು ಸ್ಟೀರಾಯ್ಡ್. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಅಧಿಸೂಚನೆ ಹೊರಡಿಸಿತು. ನಾನು ಕೊಂಡದ್ದು ಅದಕ್ಕೂ ಮೊದಲು. ಆ ಮುಲಾಮನ್ನು ಬಿಡುವ ಕಾಲವೇ ಈ ಕಥೆಯ ಅತಿ ಕೆಟ್ಟ ಭಾಗ. ನಾಲ್ಕು ತಿಂಗಳು ನಾನು ಸೆರಗು ಮುಖಕ್ಕೆ ಹಿಡಿದೇ ಪೇಟೆಗೆ ಹೋದದ್ದು. ಎಲ್ಲ ಸೇರಿಸಿ ಆ ಮೂರು ವರ್ಷಗಳಲ್ಲಿ ಮೂವತ್ತೈದರಿಂದ ನಲವತ್ತು ಸಾವಿರ ಕಳೆದಿರಬೇಕು. ಲೆಕ್ಕ ಇಟ್ಟಿಲ್ಲ, ಇಡುವ ಧೈರ್ಯವೂ ಇರಲಿಲ್ಲ.

2019ರಲ್ಲಿ ಶಿವಮೊಗ್ಗದ ಚರ್ಮವೈದ್ಯರೊಬ್ಬರು ಸಣ್ಣ ಗಾಜಿನ ಪಟ್ಟಿಯನ್ನು ನನ್ನ ಕೆನ್ನೆಗೆ ಒತ್ತಿ ನೋಡಿದರು. ಒತ್ತಿದ ಕಡೆ ಬಣ್ಣ ಮಾಯವಾಯಿತು, ತೆಗೆದ ಕೂಡಲೇ ಮರಳಿತು. ಗುಳ್ಳೆಗಳ ನಡುವೆ ಕಪ್ಪುಮೊನೆಗಳು (ಬ್ಲ್ಯಾಕ್‌ಹೆಡ್) ಇಲ್ಲವೆಂಬುದನ್ನೂ ತೋರಿಸಿ, ಇದು ಮೊಡವೆಯಲ್ಲ ಎಂದರು. ಅವರು ಕೊಟ್ಟ ಮೆಟ್ರೊನಿಡಜೋಲ್ ಜೆಲ್ ಅನ್ನು ಮೂರು ತಿಂಗಳು ಹಚ್ಚಿದೆ. ಗುಳ್ಳೆ ಮುಕ್ಕಾಲು ಪಾಲು ಇಳಿಯಿತು. ಮನೆಮದ್ದಿನ ಅಭಿಮಾನದಲ್ಲಿ ಇದನ್ನು ಮುಚ್ಚಿಡುವವಳು ನಾನಲ್ಲ. ಆದರೆ ಉರಿ ಮತ್ತು ಕಾವು ಏರುವುದು ಹಾಗೆಯೇ ಉಳಿಯಿತು. ನನ್ನ ಕೆಲಸ ಶುರುವಾದದ್ದು ಅಲ್ಲಿಂದ.

ಹಳೆಯ ಡೈರಿಯೊಂದರಲ್ಲಿ ಪ್ರತಿದಿನ ಮುಖ ಕಾವೇರಿದ ಹೊತ್ತನ್ನೂ ಅದಕ್ಕೆ ಅರ್ಧ ಗಂಟೆ ಮೊದಲು ನಾನು ಎಲ್ಲಿದ್ದೆ ಎಂಬುದನ್ನೂ ಬರೆಯತೊಡಗಿದೆ. ಏನು ತಿಂದೆ ಎಂದು ಬರೆಯುವುದು ಎಲ್ಲರ ರೂಢಿ. ನಾನು ಎಲ್ಲಿದ್ದೆ ಎಂದು ಬರೆದದ್ದರಿಂದಲೇ ಗುಟ್ಟು ಹೊರಬಿತ್ತು. ಒಂದೂವರೆ ತಿಂಗಳ ಬಳಿಕ ಪುಟ ತಿರುವಿದರೆ ಹತ್ತರಲ್ಲಿ ಆರು ಸಲ ಬಚ್ಚಲು, ಅಡಿಗೆ ಒಲೆ, ಇಲ್ಲವೇ ಅಡಿಕೆ ಹಂಡೆ. ಊಟದ್ದು ಎರಡೇ ಸಲ, ಎರಡೂ ಸೂಜಿಮೆಣಸಿನ ಗೊಜ್ಜು. ಉಳಿದದ್ದು ಬಿಸಿಲು ಮತ್ತು ಮನೆಯ ಜಗಳ.

ಮಲೆನಾಡಿನ ಬಚ್ಚಲು ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಹಂಡೆಯ ನೀರು ಕುದಿಯುತ್ತಿರುತ್ತದೆ, ಬಾಗಿಲು ಹಾಕಿದರೆ ಎದುರಿನ ಗೋಡೆ ಕಾಣುವುದಿಲ್ಲ. ಒಲೆಗೆ ಕಟ್ಟಿಗೆ ದೂಡಲು ಬಗ್ಗಿದಾಗ ಕೆನ್ನೆಗೆ ಬಡಿಯುವ ಝಳ ಒಂದು, ತಂಬಿಗೆಯಿಂದ ತಲೆಗೆ ಸುರಿದುಕೊಂಡ ಬಿಸಿನೀರು ಹಣೆಯಿಂದ ಕೆಳಗಿಳಿಯುವುದು ಇನ್ನೊಂದು. ದಿನಕ್ಕೆರಡು ಸಲ ನಾನೇ ನನ್ನ ಮುಖವನ್ನು ಬೇಯಿಸುತ್ತಿದ್ದೆ. ಬದಲಾಯಿಸಿದ್ದು ಇಷ್ಟೇ: ಕಟ್ಟಿಗೆ ದೂಡುವ ಕೆಲಸವನ್ನು ಯಜಮಾನರಿಗೆ ಬಿಟ್ಟೆ, ಬಚ್ಚಲ ಬಾಗಿಲನ್ನು ಒಂದು ಗೇಣು ತೆರೆದಿಟ್ಟೆ, ಮುಖವನ್ನು ಸ್ನಾನಕ್ಕೆ ಮೊದಲೇ ಹೊರಗಿನ ಕಟ್ಟೆಯಲ್ಲಿ ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಒಳಗೆ ಕತ್ತಿನಿಂದ ಕೆಳಕ್ಕೆ ಮಾತ್ರ ನೀರು ಹಾಕಿಕೊಂಡೆ. ತಲೆಸ್ನಾನವನ್ನು ಮುಂದೆ ಬಗ್ಗಿ ಮಾಡುತ್ತೇನೆ. ಮತ್ತಿಸೊಪ್ಪಿನ ಲೋಳೆಯಾಗಲಿ ಸೀಗೆಯಾಗಲಿ ಮುಖಕ್ಕೆ ಹರಿಯುವುದಿಲ್ಲ. "ಮಳೆಗಾಲದಲ್ಲಿ ತಣ್ಣೀರು ಹಾಕ್ಕೊಂಡ್ರೆ ಶೀತ ಆಗ್ತದೆ ಮಾರಾಯ್ತಿ, ಆಮೇಲೆ ನಂಗೆ ಹೇಳಬೇಡ" ಎಂದು ಅತ್ತೆಯವರು ಒಂದು ತಿಂಗಳು ಗೊಣಗಿದರು. ಶೀತವೂ ಆಗಲಿಲ್ಲ, ಮುಖವೂ ಉರಿಯಲಿಲ್ಲ. ಒಂದು ರೂಪಾಯಿ ಖರ್ಚಿಲ್ಲದ ಈ ಬದಲಾವಣೆಯಿಂದಲೇ ಅರ್ಧ ಗುಣ ಕಂಡಿತು ಎಂಬುದು ನನ್ನ ಅಂದಾಜು.

ಕಾಫಿಯ ವಿಷಯದಲ್ಲಿ ನಾನು ಎಲ್ಲರ ಮಾತನ್ನೂ ಮೀರಿದೆ. ಕಾಫಿ ಬಿಡು ಎಂದವರೇ ಹೆಚ್ಚು. ಒಂದು ವಾರ ಕಾಫಿಯನ್ನು ಪೂರಾ ಬಿಟ್ಟು ಅಷ್ಟೇ ಬಿಸಿಯಾದ ಬರೀ ನೀರು ಕುಡಿದೆ, ಮುಖ ಕಾವೇರಿತು. ಮುಂದಿನ ವಾರ ಅದೇ ಗಟ್ಟಿ ಕಾಫಿಯನ್ನು ಆರಿಸಿ ಕುಡಿದೆ, ಏನೂ ಆಗಲಿಲ್ಲ. ತಪ್ಪು ಕಾಫಿಪುಡಿಯದಲ್ಲ, ಬಿಸಿಯದು. 1981ರಷ್ಟು ಹಿಂದೆಯೇ ವೈದ್ಯ ಸಂಶೋಧನೆಯಲ್ಲಿ ಇದೇ ಉತ್ತರ ಬಂದಿತ್ತೆಂದು ಆಮೇಲೆ ತಿಳಿಯಿತು. 2018ರಲ್ಲಿ ಅಮೆರಿಕದ ಎಂಬತ್ತು ಸಾವಿರಕ್ಕೂ ಹೆಚ್ಚು ದಾದಿಯರ ದಾಖಲೆ ನೋಡಿದವರು, ಕಾಫಿ ಹೆಚ್ಚು ಕುಡಿಯುವವರಲ್ಲಿ ಈ ರೋಗ ಕಡಿಮೆಯೆಂದೇ ಬರೆದರು. ನನ್ನ ಅಳತೆ ಸರಳ: ಸ್ಟೀಲ್ ಲೋಟವನ್ನು ಬರಿಗೈಯ ಮುಷ್ಟಿಯಲ್ಲಿ ಇಪ್ಪತ್ತು ಎಣಿಸುವವರೆಗೆ ಆರಾಮವಾಗಿ ಹಿಡಿಯಲಾಗಬೇಕು. ಸಾರನ್ನೂ ಹೀಗೆಯೇ ಆರಿಸುತ್ತೇನೆ. ತಂಬುಳಿ ಊರಿನವರಿಗೆ ಈ ಒಂದು ವಿಷಯದಲ್ಲಿ ಅದೃಷ್ಟವಿದೆ. ಒಂದೆಲಗದ ತಂಬುಳಿ, ಮಜ್ಜಿಗೆ, ಅನ್ನ ಇದ್ದರೆ ಊಟಕ್ಕೆ ಬಿಸಿಯೇ ಬೇಡ.

ಅಡಿಕೆ ಹಂಡೆಯದು ಸುಲಭವಾಗಲಿಲ್ಲ. ಚೊಗರು, ಅಂದರೆ ಅಡಿಕೆ ಬೇಯಿಸುವ ಕಂದು ರಸ, ಕುದಿಯುವ ಆ ಹಂಡೆಯ ಮುಂದೆ ನಿಂತು ಅಡಿಕೆಯ ಹದ ನೋಡುವುದರಲ್ಲಿ ನಮ್ಮ ಮನೆಯಲ್ಲಿ ನನ್ನಷ್ಟು ಪಳಗಿದವರು ಇಲ್ಲ. ಆ ಕೆಲಸ ಬಿಟ್ಟರೆ ಒಂದು ಒಬ್ಬೆ ಕೆಡುವುದೆಂಬ ಭಯ ಎಲ್ಲರಿಗೂ ಇತ್ತು. ಮೊದಲ ವರ್ಷ ಒದ್ದೆ ಬಟ್ಟೆಯನ್ನು ಮುಖಕ್ಕೇ ಕಟ್ಟಿಕೊಂಡೆ. ಹಬೆ ಬಟ್ಟೆಯೊಳಗೆ ಸಿಕ್ಕಿಕೊಂಡು ಸ್ಥಿತಿ ಇನ್ನೂ ಕೆಟ್ಟಿತು. ಎರಡನೆಯ ವರ್ಷ ಬಟ್ಟೆಯನ್ನು ಕತ್ತಿನ ಸುತ್ತ ಇಳಿಸಿದೆ, ಬಾಯಲ್ಲಿ ಒಂದು ಸಣ್ಣ ಮಂಜುಗಡ್ಡೆ ಚೂರು ಇಟ್ಟುಕೊಂಡೆ, ಹಳೆಯ ಟೇಬಲ್ ಫ್ಯಾನನ್ನು ನನ್ನ ಬೆನ್ನ ಹಿಂದೆ ಇಡಿಸಿ ಹಬೆ ಆಚೆ ಕಡೆಗೆ ಹೋಗುವಂತೆ ಮಾಡಿದೆ. ಸೌಟಿನ ಹಿಡಿಗೆ ಎರಡು ಮೊಳದ ಬಿದಿರು ಕಟ್ಟಿಸಿದ್ದು ನನ್ನದೇ ಬುದ್ಧಿ. ಒಟ್ಟಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಹದ ನೋಡಿ ಬಂದು ಸುಲಿಯುವವರ ಸಾಲಿನಲ್ಲಿ ಕೂರುತ್ತೇನೆ. ಈ ವರ್ಷ ಒಂದು ಒಬ್ಬೆಯೂ ಕೆಡಲಿಲ್ಲ.

ಇನ್ನು ಸೊಪ್ಪು ಸದೆಗಳ ಮಾತು. ನಿಂಬೆರಸ, ಅಡಿಗೆ ಸೋಡಾ, ಕಡಲೆಹಿಟ್ಟಿನ ಉಜ್ಜುವಿಕೆ ಇವುಗಳ ಬಗ್ಗೆ ಒಂದೇ ಮಾತು, ಬೇಡ. ಬೇವಿನೆಣ್ಣೆ ಒಂದೇ ರಾತ್ರಿಗೆ ಸಾಕಾಯಿತು. ಒಂದೆಲಗ ಹೊಟ್ಟೆಗೆ ಚೆಂದ, ಅದರ ಹಸಿರಸ ನನ್ನ ದವಡೆಯ ಮೇಲೆ ದದ್ದು ಎಬ್ಬಿಸಿತು. ಲೋಳೆಸರದಲ್ಲಿ ಒಂದು ಕಿವಿಮಾತು ಇದೆ: ಎಲೆ ಕತ್ತರಿಸಿ ಬುಡ ಕೆಳಗೆ ಮಾಡಿ ಇಪ್ಪತ್ತು ನಿಮಿಷ ನಿಲ್ಲಿಸಿದರೆ ಹಳದಿ ರಸ ಸೋರಿಹೋಗುತ್ತದೆ, ಹೆಚ್ಚಿನವರಿಗೆ ಉರಿ ಎಬ್ಬಿಸುವುದು ಆ ಹಳದಿಯೇ. ಹಾಗೆ ಮಾಡಿದ ಮೇಲೂ ನನಗೆ ಅದು ಅಷ್ಟಕ್ಕಷ್ಟೇ. ಸಾಣೆಕಲ್ಲಿನಲ್ಲಿ ತೇಯ್ದ ಗಂಧ ಹಚ್ಚುವಾಗ ಸ್ವರ್ಗ, ಒಣಗಿದ ಮೇಲೆ ಬಿಗಿತ, ತೊಳೆಯುವಾಗ ಉಜ್ಜಲೇಬೇಕು. ಶತಧೌತ ಘೃತವನ್ನೂ ಬಿಡಲಿಲ್ಲ: ಮನೆಯ ತುಪ್ಪವನ್ನು ತಾಮ್ರದ ತಟ್ಟೆಯಲ್ಲಿ ನೀರು ಬದಲಿಸುತ್ತ ನೂರು ಸಲ ತೊಳೆಯುವಷ್ಟರಲ್ಲಿ ತೋಳು ಬಿದ್ದುಹೋಯಿತು. ಬೆಣ್ಣೆಗಿಂತ ಬಿಳಿಯಾಗಿ, ಹಗುರವಾಗಿ ಬಂದದ್ದನ್ನು ನೋಡಿ ಹೆಮ್ಮೆಯೂ ಆಯಿತು. ಚಳಿಯಲ್ಲಿ ಉರಿಗೆ ಒಳ್ಳೆಯದಾಗಿತ್ತು; ಜೂನ್ ಬಂದ ಕೂಡಲೇ ಅದರ ಜಿಡ್ಡಿಗೆ ಗುಳ್ಳೆ ಎದ್ದಿತು.

ನಿಂತದ್ದು ಎರಡೇ, ಓಟ್ಸ್ ಮತ್ತು ಗ್ರೀನ್ ಟೀ. ಓಟ್ಸ್ ನಮ್ಮ ಊರಿನ ಧಾನ್ಯವಲ್ಲವೆಂದು ನಕ್ಕವರಿದ್ದಾರೆ. ಸಕ್ಕರೆ, ಮಸಾಲೆ ಬೆರೆಸದ ಸಾದಾ ಓಟ್ಸನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ತೆಳುಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಒಂದು ಚಮಚವನ್ನು ಲೋಟ ನೀರಿಗೆ ಹಾಕಿ ಕದಡಿದರೆ ನೀರು ಹಾಲಾಗಬೇಕು. ಹಿಟ್ಟು ತಳಕ್ಕೆ ಕುಳಿತರೆ ಮತ್ತೆ ಬೀಸಬೇಕು. ಆ ಪುಡಿಯನ್ನು ಹಳೆಯ ಪಂಚೆಯ ಚೂರಿನಲ್ಲಿ ಗಂಟು ಕಟ್ಟಿ, ತಣ್ಣನೆಯ ನೀರಿನಲ್ಲಿ ಹಿಂಡಿ, ಆ ಹಾಲಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಮುಖದ ಮೇಲೆ ಹರಡಿಕೊಳ್ಳುತ್ತೇನೆ. ಉಜ್ಜುವುದು ಇಲ್ಲವೇ ಇಲ್ಲ. ಮಳೆಗಾಲದಲ್ಲಿ ಸಂಜೆಯೊಳಗೆ ಹುಳಿ ವಾಸನೆ ಬರುತ್ತದೆ, ಆದ್ದರಿಂದ ಉಳಿದದ್ದನ್ನು ಅದೇ ದಿನ ದನದ ಅಕ್ಕಚ್ಚಿಗೆ ಸೇರಿಸಬೇಕು. ಕಾವು ಏರಿದ ಹೊತ್ತಿಗೆ ಮಾತ್ರ ಮುಖಕ್ಕೆ ಗ್ರೀನ್ ಟೀ, ಅದೂ ಪೂರ್ತಿ ಆರಿದ್ದು. ಅದರ ಮಂಜುಗಡ್ಡೆ ಮಾಡಿ ನೇರವಾಗಿ ಚರ್ಮಕ್ಕೆ ಒತ್ತಿದ್ದು ನನ್ನ ಇನ್ನೊಂದು ಪೆದ್ದುತನ. ಅತಿ ತಂಪಿಗೂ ಈ ಮುಖ ಸಿಟ್ಟಾಗುತ್ತದೆ. ಹೊಸದು ಏನೇ ಆದರೂ ಕಿವಿಯ ಕೆಳಗೆ ದವಡೆಯ ಅಂಚಿನಲ್ಲಿ ಏಳು ದಿನ ಹಚ್ಚಿ ನೋಡದೆ ಮುಖಕ್ಕೆ ಏರಿಸುವುದಿಲ್ಲ.

ದಿನಚರಿಯ ಉಳಿದ ಭಾಗ ಬೇಸರ ಬರುವಷ್ಟು ಸಾದಾ. ಬೆಳಿಗ್ಗೆ ಬರೀ ನೀರು, ರಾತ್ರಿ ವಾಸನೆಯಿಲ್ಲದ ಸೌಮ್ಯ ಕ್ಲೆನ್ಸರ್, ಟವೆಲ್ಲಿನ ಬದಲು ಮೆತ್ತನೆಯ ಬಟ್ಟೆಯಿಂದ ಒತ್ತುವುದು, ಹತ್ತು ನಿಮಿಷ ಬಿಟ್ಟು ಮಾಯಿಶ್ಚರೈಸರ್. ಹಗಲು ಜಿಂಕ್ ಆಕ್ಸೈಡಿನ ಸನ್‌ಸ್ಕ್ರೀನ್, ಎಸ್‌ಪಿಎಫ್ 30ಕ್ಕಿಂತ ಕಡಿಮೆಯಲ್ಲದ್ದು. ಮೋಡ ಮುಚ್ಚಿದ ಆಷಾಢದಲ್ಲೂ ಬಿಡುವುದಿಲ್ಲ. ಐನೂರು ರೂಪಾಯಿಯ ಟ್ಯೂಬ್ ತಿಂಗಳಿಗೆ ಸ್ವಲ್ಪ ಮೊದಲೇ ಮುಗಿಯುತ್ತದೆ. ಅದರಲ್ಲಿ ಜಿಪುಣತನ ಮಾಡಿದ ತಿಂಗಳು ಎಳ್ಳಮಾವಾಸ್ಯೆ ಜಾತ್ರೆಯ ಬಿಸಿಲಿನಲ್ಲಿ ತುಂಗೆಯ ದಡದಲ್ಲೇ ಶಿಕ್ಷೆಯಾಯಿತು. ಜಿಂಕಿನ ಬೂದಿಬಿಳುಪು ನಮ್ಮ ಬಣ್ಣದ ಮೇಲೆ ಎದ್ದು ಕಾಣುತ್ತದೆ, ನಿಜ. ಅದನ್ನು ಮರೆಸಲು ನಾನು ಬೆರೆಸುವುದೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಧನುರ್ಮಾಸದ ಒಣಗಾಳಿಗೆ ಮುರುಗಲು (ಕೋಕಂ) ಬೀಜದ ತುಪ್ಪದ ಲೇಪವನ್ನೂ ಮಾಡಿಕೊಂಡಿದ್ದೇನೆ. ಗಟ್ಟಿ ಕಲ್ಲಿನಂಥ ಆ ತುಪ್ಪ ಚಳಿಯಲ್ಲೂ ಬೆರಳಿಗೆ ಮೆತ್ತಗೆ ಸಿಗುವಂತೆ ಮಾಡುವ ಹದಕ್ಕೆ ಎರಡು ಚಳಿಗಾಲ ಕಳೆದಿದ್ದೇನೆ. ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎಲ್ಲವೂ ಹೋಯಿತು ಎಂದರೆ ಸುಳ್ಳಾಗುತ್ತದೆ. ಮೊದಲು ವಾರಕ್ಕೆ ನಾಲ್ಕು ಸಲ ಏರುತ್ತಿದ್ದ ಕಾವು ಈಗ ತಿಂಗಳಿಗೆ ಒಂದೋ ಎರಡೋ ಸಲ. ಮೂಗಿನ ಪಕ್ಕದ ಎಳೆಎಳೆಯಾದ ರಕ್ತನಾಳಗಳು ಹಾಗೆಯೇ ಇವೆ. ಅವು ಯಾವ ಸೊಪ್ಪಿಗೂ ಬಗ್ಗುವುದಿಲ್ಲ, ಲೇಸರೇ ಬೇಕು. ಸಲಕ್ಕೆ ಆರೇಳು ಸಾವಿರ ಕೇಳಿದರು, ಆ ದುಡ್ಡಿಗೆ ತೋಟಕ್ಕೆ ಗೊಬ್ಬರ ಹಾಕಿಸಿದೆ. ಕಳೆದ ವರ್ಷ ಕಣ್ಣಿನಲ್ಲಿ ಮರಳು ಬಿದ್ದಂತಾದಾಗ ಮಾತ್ರ ಮನೆಮದ್ದಿಗೆ ಕೈಹಾಕದೆ ನೇರವಾಗಿ ಕಣ್ಣಿನ ವೈದ್ಯರ ಬಳಿಗೆ ಹೋದೆ. ಇದೇ ರೋಗ ರೆಪ್ಪೆಗೂ ಇಳಿಯುತ್ತದೆಯೆಂದೂ, ದಿನವೂ ರೆಪ್ಪೆಯ ಮೇಲೆ ಬೆಚ್ಚಗಿನ ಬಟ್ಟೆ ಇಡಬೇಕೆಂದೂ ಹೇಳಿದರು. ಇಡೀ ಮುಖಕ್ಕೆ ಬೇಡವಾದ ಬಿಸಿ ರೆಪ್ಪೆಗೆ ಬೇಕಾಯಿತು! ಈಗ ಬಟ್ಟೆಯನ್ನು ಎರಡು ಬೆರಳಗಲ ಮಡಚಿ, ಕೆನ್ನೆಗೆ ತಾಗದಂತೆ ಇಟ್ಟುಕೊಳ್ಳುತ್ತೇನೆ. ತಿಂಗಳ ಖರ್ಚು ಎಲ್ಲ ಸೇರಿ ಏಳುನೂರು ದಾಟುವುದಿಲ್ಲ.

ಸದ್ಯ ಓಟ್ಸಿನ ಬದಲು ಬಾರ್ಲಿ ನಡೆಯುತ್ತದೆಯೇ ಎಂದು ನೋಡುತ್ತಿದ್ದೇನೆ. ವೈದ್ಯರು ಈ ರೋಗಕ್ಕೆ ಬರೆದುಕೊಡುವ ಅಜೆಲಾಯಿಕ್ ಆಮ್ಲ ಬಾರ್ಲಿ, ಗೋಧಿಗಳಲ್ಲಿ ಸ್ವಲ್ಪ ಇರುತ್ತದೆ ಎಂಬುದೇ ನನ್ನ ಆಸೆಗೆ ಕಾರಣ. ಕಷಾಯದಲ್ಲಿ ಅದು ಲೆಕ್ಕಕ್ಕೆ ಸಿಗುವಷ್ಟು ಇಳಿಯಲಾರದೆಂದು ನನಗೂ ಅನಿಸುತ್ತದೆ. ಎಡಗಡೆಯ ದವಡೆಗೆ ಬಾರ್ಲಿ, ಬಲಗಡೆಗೆ ಓಟ್ಸ್. ಇಂದಿಗೆ ಐದು ದಿನ. ಎರಡೂ ಕಡೆ ಒಂದೇ ಥರ ಇದೆ, ಬಾರ್ಲಿಯ ಬಟ್ಟೆ ಮಾತ್ರ ಬೇಗ ಅಂಟಂಟಾಗುತ್ತದೆ.