ಹಳೇ ಇಂಜಿನ್ ಕಟಕಟ ಅಂತಿದ್ಯಾ? ಗಟ್ಟಿ ಆಯಿಲ್ ಸುರಿಯೋ ಮುಂಚೆ ಸ್ವಲ್ಪ ತಡೀರಿ

ಇಂಜಿನ್ ಸೌಂಡ್ ಜಾಸ್ತಿ ಆಯ್ತು ಅಂದ ತಕ್ಷಣ ಅಂಗಡಿಗೆ ಹೋಗಿ "ಇರೋದ್ರಲ್ಲೇ ಗಟ್ಟಿ ಆಯಿಲ್ ಕೊಡಿ" ಅನ್ನೋವ್ರನ್ನ ಎಷ್ಟೋ ಸಲ ನೋಡಿದೀನಿ. ಸ್ವಲ್ಪ ದಿನ ಸೌಂಡ್ ಕಮ್ಮಿ ಆದಂಗಿರತ್ತೆ, ಅದನ್ನ ನಂಬ್ಕೊಂಡು ಓಡಿಸ್ತಾರೆ, ಆಮೇಲೆ ಇಂಜಿನ್ ಬಿಚ್ಚೋ ಕೆಲಸ ಬರತ್ತೆ.

1. ಲೆವೆಲ್ ನೋಡಿ. ಸಮತಟ್ಟು ಜಾಗ, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಅಳೆಯೋ ಕಡ್ಡಿ) ತೆಗೀರಿ. ಆಯಿಲ್ ಕಮ್ಮಿ ಇದ್ರೇನೇ ಎಷ್ಟೋ ಸಲ ಸೌಂಡ್ ಬರತ್ತೆ. ಹಾಲು ಕಲಸಿದಂಗೆ ಬೆಳ್ಳಗಿದ್ರೆ ಕೂಲೆಂಟ್ ಸೇರ್ಕೊಂಡಿರಬಹುದು, ಆಗ ಆಯಿಲ್ ವಿಚಾರ ಬಿಟ್ಟು ಸೀದಾ ಮೆಕ್ಯಾನಿಕ್ ಹತ್ರ ಹೋಗಿ.

2. ಸೌಂಡ್ ಯಾವಾಗ ಬರತ್ತೆ ಕೇಳಿ. ಎಲ್ರೂ ಎಡವೋದೇ ಇಲ್ಲಿ. ರಾತ್ರಿಯಿಡೀ ನಿಂತ ಗಾಡಿನ ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಬಾನೆಟ್ ತೆಗೆದು ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಚೆನ್ನಾಗಿ ಓಡಿಸಿ ಬಿಸಿ ಆದ್ಮೇಲೆ ಇನ್ನೊಂದ್ಸಲ.

ಬೆಳಗ್ಗೆ ಎರಡು ಮೂರು ಸೆಕೆಂಡ್ ಮೇಲ್ಗಡೆಯಿಂದ ಟಿಕ್‌ಟಿಕ್ ಅಂದು ನಿಂತುಹೋದ್ರೆ, ಆಯಿಲ್ ಮೇಲಕ್ಕೆ ಹತ್ತೋಕೆ ಟೈಮ್ ತಗೋತಿದೆ ಅಂತ. ಇದಕ್ಕೆ ಗಟ್ಟಿ ಆಯಿಲ್ ಹಾಕಿದ್ರೆ ಇನ್ನೂ ತಡ ಆಗತ್ತೆ! ಡಬ್ಬದ ಮೇಲಿರೋ ಗಟ್ಟಿತನದ ನಂಬರ್ ನೋಡಿ, 15ಡಬ್ಲ್ಯೂ-40 ಹಾಕ್ತಿದ್ರೆ 10ಡಬ್ಲ್ಯೂ-40 ಅಥವಾ 5ಡಬ್ಲ್ಯೂ-40ಗೆ ಬನ್ನಿ, ಡಬ್ಲ್ಯೂಗಿಂತ ಮುಂಚೆ ಇರೋ ನಂಬರ್ ಸಣ್ಣದಾದಷ್ಟೂ ತಣ್ಣಗಿದ್ದಾಗ ಬೇಗ ಹರಿಯತ್ತೆ. ಅಂದಹಾಗೆ ತುಂಬಾ ಸಲ ಇಲ್ಲಿ ತಪ್ಪು ಆಯಿಲ್‌ದಲ್ಲ, ಚೀಪ್ ಫಿಲ್ಟರ್‌ದು. ಆಯಿಲ್ ವಾಪಸ್ ಇಳಿದು ಹೋಗದಂಗೆ ಎಷ್ಟೋ ಫಿಲ್ಟರ್‌ಗಳ ಒಳಗೆ ಒಂದು ರಬ್ಬರ್ ವಾಲ್ವ್ ಇರತ್ತೆ, ಅದು ಗಟ್ಟಿಯಾಗಿ ಸೆಟೆದುಕೊಂಡ್ರೆ ರಾತ್ರಿ ಫಿಲ್ಟರ್ ಖಾಲಿ.

ಬಿಸಿ ಆದ್ಮೇಲೆ ಐಡ್ಲಿಂಗಲ್ಲಿ ಸೌಂಡ್ ಜಾಸ್ತಿ ಆಗತ್ತೆ ಅಂದ್ರೆ ಬೇರಿಂಗ್ ಸವೆದು ಆಯಿಲ್ ಪ್ರೆಶರ್ ಬಿದ್ದಿರಬಹುದು. ಗೇಜ್ ಹಾಕಿ ಅಳೆಸಿ. ಪ್ರೆಶರ್ ಸ್ವಲ್ಪವೇ ಕಮ್ಮಿ ಇದ್ರೆ ಕೊನೇ ನಂಬರ್ (ಬಿಸಿ ಇದ್ದಾಗಿನ ಗಟ್ಟಿತನ) ಒಂದೇ ಮೆಟ್ಲು ಏರಿಸಿ, 30 ಇದ್ರೆ 40, ಅದೂ ಮ್ಯಾನ್ಯುಯಲ್‌ನಲ್ಲಿರೋ ಪಟ್ಟಿ ಒಳಗೇ. ಆಯಿಲ್ ಲೈಟೇ ಮಿಣುಕ್ತಿದ್ರೆ ಇಂಜಿನ್ ಆಫ್ ಮಾಡಿ, ಕಾರಣ ಗೊತ್ತಾಗೋವರೆಗೂ ಓಡಿಸ್ಬೇಡಿ.

ತಣ್ಣಗಿದ್ರೂ ಬಿಸಿಯಾದ್ರೂ ಒಂದೇ ಥರ ಟಿಕ್‌ಟಿಕ್ ಅಂದ್ರೆ ಟಪ್ಪೆಟ್ ಗ್ಯಾಪ್ (ಇಂಜಿನ್ ವಾಲ್ವ್ ಒತ್ತೋ ಭಾಗದಲ್ಲಿರೋ ಸಣ್ಣ ಸಂದು) ನೋಡ್ಸಿ. ಆಕ್ಸಿಲರೇಟರ್ ಒತ್ತಿದಾಗ ಕೆಳಗಿಂದ ಢಬ್ ಢಬ್ ಅಂತ ಬಂದ್ರೆ ಕನೆಕ್ಟಿಂಗ್ ರಾಡ್ (ಪಿಸ್ಟನ್ನ ಕ್ರ್ಯಾಂಕ್‌ಗೆ ಸೇರಿಸೋ ಸಲಾಕೆ) ಬೇರಿಂಗ್ ಸವೆದಿರಬಹುದು, ಅದಕ್ಕೆ ಯಾವ ಡಬ್ಬದಲ್ಲೂ ಔಷಧಿ ಇಲ್ಲ.

3. ಡಬ್ಬದ ಹಿಂದೆ ಓದಿ. ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಗ್ರೇಡಲ್ಲಿ ಎಸ್ ಅಂದ್ರೆ ಪೆಟ್ರೋಲ್, ಸಿ ಅಂದ್ರೆ ಡೀಸೆಲ್. ಎಸ್ ಆದ್ಮೇಲಿನ ಅಕ್ಷರ ಮುಂದೆ ಹೋದಷ್ಟೂ ಹೊಸ ಗ್ರೇಡ್, ಎಸ್‌ಪಿ 2020ರಲ್ಲಿ ಬಂದಿದ್ದು. ಎಸ್‌ಎ, ಎಸ್‌ಬಿ ಅಂತಿದ್ರೆ ಮುಟ್ಲೇಬೇಡಿ, ಅವು ಅಜ್ಜನ ಕಾಲದ ಇಂಜಿನ್‌ಗಳಿಗೆ. ಬೈಕ್ ಆದ್ರೆ ಜಾಸೋ (ಜಪಾನಿನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ನೋಡಿ, ಬಹಳಷ್ಟು ಬೈಕಲ್ಲಿ ಕ್ಲಚ್ಚೂ ಅದೇ ಆಯಿಲಲ್ಲಿ ಮುಳುಗಿರತ್ತೆ, ಕಾರಿನ ಆಯಿಲ್ ಹಾಕಿದ್ರೆ ಕ್ಲಚ್ ಜಾರಬಹುದು.

ಆಯಿಲ್ ಸೋರದಂಗೆ ತಡೆಯೋ ರಬ್ಬರ್ ಓರಿಂಗ್, ಸೀಲ್‌ಗಳು ಒಣಗಿ ಸಣ್ಣಗೆ ಜಿನುಗ್ತಿದ್ರೆ ಹೈ ಮೈಲೇಜ್ ಆಯಿಲ್ (ತುಂಬಾ ಓಡಿದ ಗಾಡಿಗೆ ಅಂತ ಮಾರೋದು) ಟ್ರೈ ಮಾಡಬಹುದು, ಸೀಲ್ ಮೆತ್ತಗೆ ಮಾಡೋ ಕೆಮಿಕಲ್ ಅದ್ರಲ್ಲಿರತ್ತೆ. ಆದ್ರೆ "ಸೌಂಡ್ ಮಾಯ" ಅಂತ ಮಾರೋ ಪುಟ್ಟ ಬಾಟ್ಲಿ ನಾನಂತೂ ಹಾಕಲ್ಲ, ಅದ್ರಲ್ಲಿ ಎಷ್ಟೋ ಬಾಟ್ಲಿಗಳು ಬರೀ ಆಯಿಲನ್ನ ಗಟ್ಟಿ ಮಾಡ್ತವೆ ಅಷ್ಟೇ. ಕೆಸರು ತುಂಬಿರೋ ಇಂಜಿನ್‌ಗೆ ಫ್ಲಶ್ (ಒಳಗೆ ತೊಳೆಯೋ ದ್ರವ) ಹಾಕೋದೂ ಬೇಡ, ಕಿತ್ತು ಬಂದ ಗಸಿ ಸಂಪಿನ (ಆಯಿಲ್ ನಿಲ್ಲೋ ಕೆಳಗಿನ ತೊಟ್ಟಿ) ಜಾಲರಿಗೆ ಅಡ್ಡ ಕೂತ್ರೆ ಆಯಿಲೇ ಸಿಗಲ್ಲ.

4. ಇಂಜಿನ್ ಬಿಸಿ ಇದ್ದಾಗ ಹಳೇ ಆಯಿಲ್ ಇಳಿಸಿ, ಹೊಸ ಫಿಲ್ಟರ್, ಡ್ರೈನ್ ಬೋಲ್ಟಿಗೆ ಹೊಸ ವಾಶರ್, ಆಮೇಲೆ ಹೊಸ ಆಯಿಲ್ ಹಾಕಿ.

5. ಮಾರನೇ ಬೆಳಗ್ಗೆ ಅದೇ ಜಾಗದಲ್ಲಿ ಫೋನ್ ಹಿಡ್ದು ರೆಕಾರ್ಡ್ ಮಾಡಿ, ಹಳೇದರ ಜೊತೆ ಕೇಳಿ ನೋಡಿ. ಎರಡೂ ಒಂದೇ ಥರ ಇದ್ರೆ ಇನ್ನೊಂದು ಆಯಿಲ್ ಹುಡುಕ್ಕೊಂಡು ಹೋಗ್ಬೇಡಿ, ಆ ದುಡ್ಡಲ್ಲಿ ಇಂಜಿನ್ ಚೆಕ್ ಮಾಡ್ಸಿ.